ಕರಚಳಕದ ಕನ್ನಡಿಯ ಕೊನೆಯ ಹಾಳೆ

ಪಾಣೆಮಂಗಳೂರಿನ ನಿಝಾರ್ ಬೆಳಿಗ್ಗೆ ಚಪ್ಪಲಿ ಮಾರುತ್ತಿದ್ದ, ಸಂಜೆ ಚಪ್ಪಾಳೆ ಗಿಟ್ಟಿಸುತ್ತಿದ್ದ. “ಎರಡೂ ಜೋಡಿಯಾಗಿ ಬಂದರೇ ಚಂದ. ಒಂಟಿಯಾಗಿ ಹಾರಿ ಬಂದರೆ ಜಾದೂಗಾರ ಓಡುವುದು ಒಳ್ಳೆಯದು” ಎಂದು ವೇದಿಕೆಯಲ್ಲಿ ತಾನೇ ಹೇಳಿ ಜನರನ್ನು ನಗಿಸುತ್ತಿದ್ದ. ಕಳೆದ ವರ್ಷ ಕಲ್ಲಡ್ಕದ ಮದುವೆ ಹಾಲಿನಲ್ಲಿ ಆ ಒಂಟಿ ಹಾರಿ ಬರುವುದೊಂದೇ ಬಾಕಿ ಉಳಿದಿತ್ತು.

ಅಲ್ಲಿ ಆದದ್ದು ಇಷ್ಟು. ಯಾಕೂಬ್ ಹಾಜಿಯವರ ಹಿರಿಯ ಮೊಮ್ಮಗಳು ಜಸ್ನಾಳ ಮದುವೆ. ನಿಝಾರ್ ಹಾಜಿಯವರ ಬೆರಳಿನ ಬೆಳ್ಳಿ ಉಂಗುರವನ್ನು ಕೇಳಿ ಪಡೆದ, ಕರ್ಚೀಫಿನಲ್ಲಿ ಗಂಟು ಕಟ್ಟಿದ, ಕೊಡವಿದ, ಮಾಯ ಮಾಡಿದ. ಕೊನೆಗೆ ಹಾಜಿಯವರದೇ ಕಿವಿಯ ಹಿಂದಿನಿಂದ ಅದನ್ನು ತೆಗೆದು ಅವರ ಮುಂದೆ ಹಿಡಿದ. ಎಲ್ಲ ಸರಿಯೇ. ಆದರೆ ಹಿಡಿದದ್ದು ಎಡಗೈಯಲ್ಲಿ.

ಹಾಜಿ ಉಂಗುರ ಮುಟ್ಟಲಿಲ್ಲ. ಮೈಕಿನ ಹತ್ತಿರಕ್ಕೆ ಬಾಗಿ, “ಎಡಗೈಯಲ್ಲಿ ಕೊಡಬಾರದು ಅಂತ ನಿನ್ನ ಉಮ್ಮ ಕಲಿಸಲಿಲ್ಲವಾ?” ಎಂದರು. ನಾನೂರು ಜನರಿದ್ದ ಇಡೀ ಹಾಲ್, ಬಿರಿಯಾನಿ ಅಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಿತು.

ಉಂಗುರವನ್ನು ಬಲಗೈಗೆ ದಾಟಿಸಿ ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಆಗುವುದಿಲ್ಲ. ಈ ಕಸುಬಿನಲ್ಲಿ ಒಂದು ಕೈ ಕೊಡುವ ಕೈ, ಇನ್ನೊಂದು ಬಚ್ಚಿಡುವ ಕೈ. ಕರ್ಚೀಫಿನಲ್ಲಿ ಕಟ್ಟಿದ್ದು ನಕಲಿ ಉಂಗುರ. ಕೊಡವುವಾಗ ಅದು ಜಾರಿ ಬಂದು ಬಲಗೈಯ ಮುಷ್ಟಿಯೊಳಗೆ ಕೂತಿತ್ತು. ಬಲಗೈ ಬಿಚ್ಚಿದರೆ ಜಾದೂ ಹೋಗುತ್ತದೆ, ಎಡಗೈ ಚಾಚಿದರೆ ಮರ್ಯಾದೆ ಹೋಗುತ್ತದೆ. ನಿಝಾರ್ ಜಾದೂವನ್ನು ಉಳಿಸಿಕೊಂಡ. ಆಮೇಲೆ ಒಂದು ವರ್ಷ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಅವನ ಹೆಸರು ‘ಎಡಗೈ ನಿಝಾರ್’ ಎಂದಾಯಿತು. ಗೊತ್ತುಮಾಡಿದ್ದ ಕಾರ್ಯಕ್ರಮಗಳು ಒಂದೊಂದಾಗಿ ಉದುರಿದವು.

ವಿಚಿತ್ರವೆಂದರೆ ಅವನು ಎಡಗೈಯವನೇ ಅಲ್ಲ. ಉಣ್ಣುವುದು, ಬರೆಯುವುದು, ಗಿರಾಕಿಗೆ ಚಿಲ್ಲರೆ ಕೊಡುವುದು ಎಲ್ಲ ಬಲಗೈಯಲ್ಲಿ. ಜಾದೂ ಮಾತ್ರ ಎಡಗೈಯಲ್ಲಿ. ಯಾಕೆಂದರೆ ಪುಸ್ತಕದಲ್ಲಿ ಹಾಗಿತ್ತು.

ಪುಸ್ತಕದ ಹೆಸರು ‘ಕರಚಳಕದ ಕನ್ನಡಿ’. ಮೂಡಬಿದಿರೆಯ ಒಂದು ಹಳೇ ವಾಚನಾಲಯದಲ್ಲಿ, ಅಡುಗೆ ಪುಸ್ತಕ ಮತ್ತು ಜಾತಕ ಪುಸ್ತಕಗಳ ನಡುವೆ ಸಿಕ್ಕಿಕೊಂಡಿದ್ದ ಏಕೈಕ ಪ್ರತಿ. ಹದಿನಾಲ್ಕು ವರ್ಷದ ಹಿಂದೆ, ಇಪ್ಪತ್ತೇಳರ ಪ್ರಾಯದಲ್ಲಿ, ಮಳೆ ನಿಲ್ಲಲಿ ಎಂದು ಒಳಗೆ ಹೊಕ್ಕ ನಿಝಾರ್ ಅದನ್ನು ತೆರೆದ. ಹೊರಗೆ ಬಂದಾಗ ಮಳೆ ನಿಂತಿತ್ತು, ಅವನೂ ಬೇರೆಯವನಾಗಿದ್ದ. ತುಂಬ ಚಿತ್ರಗಳಿದ್ದವು. ಗಿರಿಜಾ ಮೀಸೆಯ ಒಬ್ಬ ಮನುಷ್ಯ ಪ್ರತಿ ಪುಟದಲ್ಲೂ ನಿಂತು ‘ಚಿತ್ರದಲ್ಲಿ ತೋರಿಸಿದಂತೆ ಮಾಡಿರಿ’ ಎನ್ನುತ್ತಿದ್ದ, ನಿಝಾರ್ ಮಾಡುತ್ತಿದ್ದ. ಮೀಸೆಯವನು ಎಡಗೈಯಲ್ಲಿ ಕೊಡುತ್ತಿದ್ದ, ಇವನೂ ಕೊಟ್ಟ. ಮೀಸೆಯವನ ಅಂಗಿಯ ಜೇಬು ಬಲಕ್ಕಿತ್ತು, ಇವನೂ ಬಲಕ್ಕೆ ಹೊಲಿಸಿದ. “ಗಂಡಸರಿಗೆ ಎಡಕ್ಕೆ ಮಾರಾಯ” ಎಂದ ಟೈಲರನಿಗೆ, “ನಾನು ಗಂಡಸಲ್ಲ, ಜಾದೂಗಾರ” ಎಂದ.

ಬೇರೆ ಪುಸ್ತಕಗಳೂ ಇದ್ದವು. ಕಾಸರಗೋಡಿನಿಂದ ತಂದ ಮಲಯಾಳದ್ದು ಒಂದು, ದುಬೈಯಿಂದ ತಮ್ಮ ಸಾಬಿತ್ ಕಳಿಸಿದ ಇಟ್ಟಿಗೆಯಂಥ ಇಂಗ್ಲಿಷಿನದ್ದು ಒಂದು. ಮೊದಲನೆಯದು ಅವನಿಗೆ ನಾಲ್ಕು ಐಟಂ ಕಲಿಸಿತು, ಎರಡನೆಯದು ಅಂಗಡಿಯ ಬಾಗಿಲಿಗೆ ಆಧಾರವಾಯಿತು. ‘ಕನ್ನಡಿ’ ಮಾತ್ರ ವೇದಿಕೆಯಲ್ಲಿ ನಿಲ್ಲುವುದನ್ನು ಕಲಿಸಿತು. ‘ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತದೋ ಸಭೆಯ ಕಣ್ಣು ಅಲ್ಲಿಗೆ ಹೋಗುತ್ತದೆ. ಅವಸರವೆಂಬುದು ಕಳ್ಳನ ಲಕ್ಷಣ. ಮಾತು ಮುಗಿದ ಮೇಲೆ ಒಂದು ಉಸಿರು ಕಾಯಿರಿ.’ ನಿಝಾರ್ ಈಗ ಚಪ್ಪಲಿಯ ಕ್ರಯ ಹೇಳಿಯೂ ಒಂದು ಉಸಿರು ಕಾಯುತ್ತಿದ್ದ. ಗಿರಾಕಿಗೆ ಏನೋ ಗಾಬರಿಯಾಗಿ ಚೌಕಾಸಿ ಮರೆತುಹೋಗುತ್ತಿತ್ತು.

ಆ ಪುಸ್ತಕಕ್ಕೆ ಇನ್ನೊಬ್ಬ ಓದುಗ ಇದ್ದ. ಅಳದಂಗಡಿಯ ಲೋಕನಾಥ ಮಾಷ್ಟ್ರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು, ಶಾಲೆಯ ಹೊರಗೆ ‘ಪ್ರೊಫೆಸರ್ ಲೋಕ್‌ನಾಥ್’. ಯಾವ ಕಾಲೇಜಿನ ಪ್ರೊಫೆಸರ್ ಎಂದು ಕೇಳಿದವರ ಬಾಯಿಂದ ಅವರು ಪಿಂಗ್‌ಪಾಂಗ್ ಚೆಂಡು ತೆಗೆದು ಬಾಯಿ ಮುಚ್ಚಿಸುತ್ತಿದ್ದರು. ಪುಸ್ತಕದ ಹಿಂದಿನ ಚೀಟಿಯಲ್ಲಿ ಹದಿನಾಲ್ಕು ವರ್ಷದಿಂದ ಎರಡೇ ಸಹಿಗಳು ಒಂದರ ಕೆಳಗೆ ಒಂದು: ನಿಝಾರ್, ಲೋಕನಾಥ, ನಿಝಾರ್, ಲೋಕನಾಥ. ಗಂಡ ಹೆಂಡತಿಯೂ ಅಷ್ಟು ಸಲ ಜೊತೆಗೆ ಸಹಿ ಹಾಕಿರುವುದಿಲ್ಲ.

ಮೊದಲ ಆರು ವರ್ಷ ಇಬ್ಬರೂ ಎಡಗೈಯವರೇ. ಆಮೇಲೆ ಮಾಷ್ಟ್ರು ಮೂರು ವರ್ಷ ಯಾವ ವೇದಿಕೆಗೂ ಹತ್ತಲಿಲ್ಲ. ತಿರುಗಿ ಬಂದಾಗ ಎಲ್ಲ ಬಲಗೈ. “ಸಭ್ಯರ ಎದುರು ಸಭ್ಯವಾದ ಕೈ” ಎಂದು ಪ್ರತಿ ಕಾರ್ಯಕ್ರಮದಲ್ಲೂ ಘೋಷಿಸುತ್ತಿದ್ದರು, ಎಡಗೈ ನಿಝಾರನ ಹೆಸರು ಹೇಳದೆ ಅವನನ್ನೇ ಹೇಳುತ್ತಿದ್ದರು. ನಿಝಾರನಿಗೆ ಅದು ಪುಸ್ತಕಕ್ಕೆ ಬಗೆದ ದ್ರೋಹದಂತೆ ಕಂಡಿತ್ತು.

ಈಗ ಹಾಜಿಯವರ ಕಿರಿಯ ಮೊಮ್ಮಗಳು ಫಿದಾಳ ಮದುವೆ, ಬೆಳ್ತಂಗಡಿಯಲ್ಲಿ, ಭಾನುವಾರ ಮಧ್ಯಾಹ್ನ. ಆ ಹುಡುಗಿ ನಿಝಾರನ ಜಾದೂ ಬೇಕೇ ಬೇಕು ಎಂದು ಹಟ ಹಿಡಿದಿದ್ದಳು. ಹಾಜಿಯವರ ಮಗ ಅಬ್ದುಲ್ ರವೂಫ್ ಅಂಗಡಿಗೇ ಬಂದು, ಕುಳಿತುಕೊಳ್ಳದೆ ಹೇಳಿದ:

“ಬಾಪ ಒಪ್ಪಿದ್ದಾರೆ. ಒಂದೇ ಮಾತು. ಅದೇ ಉಂಗುರ, ಅದೇ ಐಟಂ. ಬಲಗೈಯಲ್ಲಿ ವಾಪಸ್ ಕೊಡಬೇಕು.”

“ಬೇರೆ ಐಟಂ ಮಾಡ್ತೇನೆ ರವೂಫಣ್ಣ. ಹೂವಿನದ್ದು ಉಂಟು, ಪಾರಿವಾಳದ್ದು…”

“ಅದೇ ಐಟಂ. ಎಡಗೈ ಇನ್ನೊಮ್ಮೆ ಬಂದರೆ ನೀನು ಚಪ್ಪಲಿ ಮಾರಿಕೊಂಡು ಇರು. ನಮ್ಮವರ ಮದುವೆಗೆ ಮತ್ತೆ ಯಾರೂ ಕರೆಯುವುದಿಲ್ಲ. ಬಾಪ ಕರೆಯಲಿಕ್ಕೆ ಬಿಡುವುದಿಲ್ಲ.”

ಬುಧವಾರ ನಿಝಾರ್ ಮೂಡಬಿದಿರೆಗೆ ಓಡಿದ. ಬಲಗೈಯಲ್ಲಿ ಕೊಡುವ ಉಪಾಯ ಪುಸ್ತಕದ ಯಾವ ಮೂಲೆಯಲ್ಲಾದರೂ ಇದ್ದೀತೇ ಎಂದು, ಈ ಸಲ ಮೊದಲ ಬಾರಿಗೆ, ಪರಿವಿಡಿಯಿಂದ ಓದತೊಡಗಿದ. ಪರಿವಿಡಿಯ ಕೊನೆಯ ಸಾಲು: ‘ತಪ್ಪು-ಒಪ್ಪು … ಪುಟ ೨೧೩.’ ಪುಸ್ತಕ ಇನ್ನೂರ ಹನ್ನೆರಡಕ್ಕೆ ಮುಗಿದಿತ್ತು.

ವಾಚನಾಲಯದ ಸರಸಕ್ಕ ಕನ್ನಡಕ ಏರಿಸಿ ಬೆನ್ನುಹೊಲಿಗೆಯಲ್ಲಿ ಬೆರಳಾಡಿಸಿದರು. “ಬ್ಲೇಡಿನಲ್ಲಿ ಕೊಯ್ದದ್ದು. ನೋಡಿ, ಎಷ್ಟು ನಾಜೂಕು.”

“ಯಾರು ಕೊಯ್ದದ್ದು?”

ಸರಸಕ್ಕ ಹಿಂದಿನ ಚೀಟಿಯನ್ನು ಅವನ ಕಡೆಗೆ ತಿರುಗಿಸಿದರು. “ಇದರಲ್ಲಿ ಇಬ್ಬರ ಹೆಸರು ಉಂಟು. ಒಬ್ಬರು ನನ್ನ ಎದುರು ನಿಂತಿದ್ದೀರಿ.”

ಅಳದಂಗಡಿಗೆ ಮುಟ್ಟುವಾಗ ಗಂಟೆ ಮೂರು. ಲೋಕನಾಥ ಮಾಷ್ಟ್ರು ಜಗಲಿಯಲ್ಲಿ ಕೂತು ಬಲಗೈಯ ಬೆರಳುಗಳ ನಡುವೆ ಒಂದು ಕಿತ್ತಳೆ ಬಣ್ಣದ ಚೆಂಡನ್ನು ಓಡಾಡಿಸುತ್ತಿದ್ದರು. ಬಾಗಿಲಿನ ಒಳಗೆ ಕೂತಿದ್ದ ಅವರ ಹೆಂಡತಿ ಪ್ರೇಮಾವತಿ ಬಂದವನನ್ನು ನೋಡಿ ನೀರು ಬೆಲ್ಲ ತರಲು ಎದ್ದರು.

“ಕೂತುಕೋ ಪ್ರೇಮ. ಇವನು ಕುಡಿಯಲಿಕ್ಕೆ ಬಂದವನಲ್ಲ” ಎಂದರು ಮಾಷ್ಟ್ರು.

“ಹಾಳೆ ಎಲ್ಲಿ ಮಾಷ್ಟ್ರೇ?”

“ಯಾವ ಹಾಳೆ? ಅಡಿಕೆ ಹಾಳೆಯೋ?”

“ಇನ್ನೂರ ಹದಿಮೂರು.”

ಚೆಂಡು ನಿಂತಿತು. ಮಾಷ್ಟ್ರು ಸುಳ್ಳು ಹೇಳುತ್ತಾರೆಂದು ನಿಝಾರ್ ಕಾದ. ಅವರು ಎದ್ದು ಒಳಗೆ ಹೋದರು, ಕಬ್ಬಿಣದ ಕಪಾಟು ಕಿರ್ರೆಂದಿತು, ಹೊರಗೆ ಬಂದರು. ಹಾಳೆಗೆ ಲ್ಯಾಮಿನೇಶನ್ ಮಾಡಿಸಿದ್ದರು.

‘ತಪ್ಪು-ಒಪ್ಪು. ಅಚ್ಚಿನ ಬ್ಲಾಕ್ ಮಾಡುವಾಗಿನ ಪ್ರಮಾದದಿಂದ ಈ ಗ್ರಂಥದ ಸಮಸ್ತ ಚಿತ್ರಗಳೂ ಎಡಬಲ ತಿರುಗಿ ಅಚ್ಚಾಗಿವೆ. ವಾಚಕರು ಎಡಗೈ ಕಂಡಲ್ಲಿ ಬಲಗೈ ಎಂದೂ, ಬಲಗೈ ಕಂಡಲ್ಲಿ ಎಡಗೈ ಎಂದೂ ಭಾವಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಹಿರಿಯರಿಗೆ ವಸ್ತುಗಳನ್ನು ಒಪ್ಪಿಸುವಾಗ ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.’

ನಿಝಾರ್ ಎರಡು ಸಲ ಓದಿದ. ಗಿರಿಜಾ ಮೀಸೆಯವನು ಹದಿನಾಲ್ಕು ವರ್ಷ ನಿಜವಾಗಿಯೂ ಕನ್ನಡಿಯೊಳಗೆ ನಿಂತಿದ್ದ. ಪುಸ್ತಕ ಬರೆದವನು ಕೊಡುವ ಕೈ ಬಲಗೈ ಎಂದೇ ಲೆಕ್ಕ ಹಾಕಿದ್ದ, ಬಚ್ಚಿಡುವ ಕೈ ಎಡಗೈ. ಪ್ರೆಸ್ಸಿನವನ ಒಂದು ಎಡವಟ್ಟಿಗೆ ಇವನು ಎಡಬಿಡದೆ ಎಡಗೈ ಅಭ್ಯಾಸ ಮಾಡಿದ್ದ, ಟೈಲರನ ಜೊತೆ ಜಗಳವನ್ನೂ ಆಡಿದ್ದ.

“ನಿಮಗೆ ಯಾವಾಗ ಗೊತ್ತಾಯಿತು?”

“ಎಂಟು ವರ್ಷವಾಯಿತು.”

“ಎಂಟು ವರ್ಷ! ಕಲ್ಲಡ್ಕದಲ್ಲಿ ನಾನೂರು ಜನರ ಎದುರು ನನ್ನ ಉಮ್ಮನ ಹೆಸರು ತೆಗೆದರು. ನೀವು ಆವತ್ತು ಅಲ್ಲೇ ಊಟಕ್ಕೆ ಕೂತಿದ್ದಿರಿ.”

“ಕೂತಿದ್ದೆ. ಬಿರಿಯಾನಿ ಚೆನ್ನಾಗಿತ್ತು.”

“ಒಂದು ಮಾತು ಹೇಳಲಿಕ್ಕೆ ನಿಮಗೆ ಎಂತ ಆಗುತ್ತಿತ್ತು?”

ಮಾಷ್ಟ್ರು ಕುರ್ಚಿಯಲ್ಲಿ ಕೂತು ಮುಂಡು ಸರಿಮಾಡಿಕೊಂಡರು. ಅವರ ಕನ್ನಡ ಯಾವಾಗಲೂ ಪಾಠದ ಕನ್ನಡ, ಒಂದೊಂದೇ ಪದ ತೂಗಿ ಬರುವಂಥದ್ದು.

“ಎಂಟು ವರ್ಷದ ಹಿಂದೆ ನನ್ನ ನಿವೃತ್ತಿ. ಶಾಲೆಯಲ್ಲಿ ಸನ್ಮಾನ. ಮನರಂಜನೆಗೆ ನಿನ್ನನ್ನು ಕರೆಸಿದ್ದರು. ನೀನು ಎಂತ ಮಾಡಿದೆ, ನೆನಪು ಉಂಟಾ?”

ನೆನಪಿತ್ತು. ಮೈಕು ಹಿಡಿದು, ಕಣ್ಣು ಅರೆಮುಚ್ಚಿ, “ವಿ…ದ್ಯಾ…ರ್ಥಿಗಳೇ… ಗ…ಮನವಿಟ್ಟು… ಕೇ…ಳತಕ್ಕದ್ದು…” ಎಂದು ಮಾಷ್ಟ್ರ ದನಿಯನ್ನು ಇದ್ದಹಾಗೆ ತೆಗೆದಿದ್ದ. ಮಕ್ಕಳು ಬೆಂಚಿನಿಂದ ಬಿದ್ದು ನಕ್ಕಿದ್ದರು. ಅವನ ಜೀವಮಾನದ ಅತಿ ದೊಡ್ಡ ಚಪ್ಪಾಳೆ ಅದು.

“ಮೂವತ್ತಮೂರು ವರ್ಷ ಕಲಿಸಿದ್ದೇನೆ. ಈಗಲೂ ಅಳದಂಗಡಿಯ ಪೇಟೆಗೆ ಹೋದರೆ ರಿಕ್ಷಾದವನು ಹಿಂದಿನಿಂದ ‘ವಿ…ದ್ಯಾ…’ ಅಂತಾನೆ. ಮೀನು ಮಾರುವವನು ಅಂತಾನೆ. ನನ್ನ ಮೊಮ್ಮಗಳು ಪ್ರಾಪ್ತಿಯೂ ಅಂತಾಳೆ. ನನ್ನ ಮಾತನ್ನು ನೀನು ತೆಗೆದುಕೊಂಡೆ. ಆ ತಿಂಗಳು ನಾನು ನಿನ್ನ ಹಾಳೆಯನ್ನು ತೆಗೆದುಕೊಂಡೆ.”

“ಅದು ತಮಾಷೆ. ಇದು ಕಳ್ಳತನ.”

“ಕಳ್ಳತನವಾ? ಅದಕ್ಕೆ ಮೊದಲು ಆರು ವರ್ಷ ಆ ಹಾಳೆ ಪುಸ್ತಕದಲ್ಲೇ ಇತ್ತಲ್ಲ. ನಿನ್ನ ಕೈಯಲ್ಲೇ ಇತ್ತು. ಓದಿದೆಯಾ? ನೀನು ಚಿತ್ರ ನೋಡುವವನು ಮಾರಾಯ, ಓದುವವನಲ್ಲ.”

ನಿಝಾರನಿಗೆ ಕೋಪ ಏರಿತು, ಅದರಲ್ಲೂ ಅರ್ಧ ತನ್ನ ಮೇಲಿನದ್ದೇ. ಹಾಗಾಗಿ ಅದು ಇನ್ನೂ ಜೋರಾಗಿ ಬಂತು.

“ನೀವೂ ಆರು ವರ್ಷ ಓದಲಿಲ್ಲವಲ್ಲ ಮಾಷ್ಟ್ರೇ! ಕನ್ನಡ ಪಂಡಿತರು!”

ಒಳಗಿನಿಂದ ಪ್ರೇಮಾವತಿ, “ಅದು ಹೌದು” ಎಂದರು. ಮಾಷ್ಟ್ರು ಒಳಗಡೆಗೆ ಒಂದು ನೋಟ ಎಸೆದರು.

“ಬಲಗೈಗೆ ಬರಲಿಕ್ಕೆ ನನಗೆ ಮೂರು ವರ್ಷ ಬೇಕಾಯಿತು” ಎಂದರು, ಹಾಳೆಯನ್ನು ಅವನ ಕೈಯಿಂದ ಎಳೆದುಕೊಂಡು. “ನಿನಗೆ ನಾಲ್ಕು ದಿನ ಉಂಟು. ಹಾಜಿಯವರ ಮಕ್ಕಳೆಲ್ಲ ನನ್ನ ಶಿಷ್ಯರು. ಭಾನುವಾರ ಮೊದಲ ಸಾಲಿನಲ್ಲಿ ನನಗೆ ಕುರ್ಚಿ ಹಾಕಿದ್ದಾರೆ. ಬಂದು ನೋಡ್ತೇನೆ.”

ನಾಲ್ಕು ದಿನ ನಿಝಾರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಚಪ್ಪಲಿ ಪೆಟ್ಟಿಗೆಗಳ ನಡುವೆ, ಕೈ ತಿರುಗಿಸಿದ. ಎಡಗೈಗೆ ಬಚ್ಚಿಡಲು ಗೊತ್ತಿಲ್ಲ, ಬಲಗೈಗೆ ಕೊಡಲು ಗೊತ್ತಿಲ್ಲ. ಇಬ್ಬರು ನೌಕರರ ಕೆಲಸ ಅದಲುಬದಲು ಮಾಡಿದರೆ ಅಂಗಡಿ ಹೇಗೆ ನಡೆಯುತ್ತದೋ ಹಾಗೆ ನಡೆಯಿತು. ಉಂಗುರ ಬಿತ್ತು, ಹೆಕ್ಕಿದ, ಬಿತ್ತು, ಹೆಕ್ಕಿದ. ಶುಕ್ರವಾರ ಹತ್ತರಲ್ಲಿ ಎರಡು ಸರಿಯಾಯಿತು, ಶನಿವಾರ ಹತ್ತರಲ್ಲಿ ಆರು. ಉಮ್ಮ ಬೀಫಾತಿಮಾ ಬಾಗಿಲಲ್ಲಿ ನಿಂತು ನೋಡಿದರು.

“ಇಷ್ಟು ವರ್ಷ ನಾನು ಬಾಯಿ ಬಡಿದುಕೊಂಡೆ, ಬಲಗೈ ಬಲಗೈ ಅಂತ. ಆಗ ಪುಸ್ತಕದಲ್ಲಿ ಉಂಟು ಅಂತಿದ್ದೆ. ಈಗ ಪುಸ್ತಕವೂ ನಾನು ಹೇಳಿದ್ದನ್ನೇ ಹೇಳುತ್ತದಾ ಮೋನೆ?”

“ಹೌದು ಉಮ್ಮ.”

“ಹಾಗಾದರೆ ಆ ಪುಸ್ತಕ ಬರೆದವನಿಗೂ ಒಬ್ಬಳು ಉಮ್ಮ ಇದ್ದಳು” ಎಂದು ಹೇಳಿ ಒಳಗೆ ಹೋದರು.

ಭಾನುವಾರ. ಬೆಳ್ತಂಗಡಿಯ ಹಾಲಿನಲ್ಲಿ ಫ್ಯಾನುಗಳ ಸದ್ದಿಗಿಂತ ಜನರ ಸದ್ದು ಹೆಚ್ಚು. ವೇದಿಕೆಯ ಸೋಫಾದಲ್ಲಿ ಮದುಮಗಳು ಫಿದಾ, ಅವಳ ಪಕ್ಕದ ಕುರ್ಚಿಯಲ್ಲಿ ಯಾಕೂಬ್ ಹಾಜಿ. ಕೆಳಗೆ ಮೊದಲ ಸಾಲಿನಲ್ಲಿ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಲೋಕನಾಥ ಮಾಷ್ಟ್ರು, ಕೈಕಟ್ಟಿಕೊಂಡು, ಪರೀಕ್ಷೆಯ ಕೋಣೆಯಲ್ಲಿ ಕೂತ ಹಾಗೆ.

ನಿಝಾರ್ ಸಣ್ಣಪುಟ್ಟ ಐಟಂ ಮುಗಿಸಿದ. ಜನ ನಕ್ಕರು, ಹಾಜಿ ನಗಲಿಲ್ಲ. ಅವರು ತಾವಾಗಿಯೇ ಉಂಗುರ ಕಳಚಿ, ಬಲಗೈಯಲ್ಲಿ, ಬೇಕೆಂದೇ ನಿಧಾನವಾಗಿ, ಅವನಿಗೆ ಕೊಟ್ಟರು.

“ಕೊಡುವುದು ಹೀಗೆ. ನೋಡಿಕೊ.”

ಹಾಲಿನಲ್ಲಿ ಒಂದು ನಗು ಹಾದುಹೋಯಿತು. ನಿಝಾರ್ ಉಂಗುರ ಎತ್ತಿ ತೋರಿಸಿದ, ಕರ್ಚೀಫು ಬಿಡಿಸಿದ, ಗಂಟು ಕಟ್ಟಿದ. ಇಲ್ಲಿಯವರೆಗೆ ಹೊಸ ಪಾಠದಂತೆಯೇ ನಡೆಯಿತು. ಆಮೇಲೆ ಕರ್ಚೀಫು ಕೊಡವಿದ. ಕೊಡವುವ ಆ ಒಂದು ಕ್ಷಣದಲ್ಲಿ ಹದಿನಾಲ್ಕು ವರ್ಷದ ಅಭ್ಯಾಸ ಅವನನ್ನು ಒಂದು ಮಾತೂ ಕೇಳದೆ ಎರಡೂ ಕೈಗಳ ಕೆಲಸವನ್ನು ಮೊದಲಿನಂತೆ ಹಂಚಿಬಿಟ್ಟಿತು. ಹಾಜಿಯವರ ಕಿವಿಯ ಹಿಂದಿನಿಂದ ಉಂಗುರ ಹೊರಬಂದಾಗ ಅದು ಎಡಗೈಯ ಬೆರಳ ತುದಿಯಲ್ಲಿತ್ತು. ನಕಲಿ ಬಲ ಮುಷ್ಟಿಯಲ್ಲಿ ಬೆಚ್ಚಗೆ ಕೂತಿತ್ತು.

ಹಾಜಿ ಎಡಗೈಯನ್ನು ನೋಡಿದರು. ರವೂಫ್ ಕೆಳಗೆ ತಲೆಯ ಮೇಲೆ ಕೈ ಇಟ್ಟ. ಮಾಷ್ಟ್ರು ಕಟ್ಟಿದ ಕೈ ಬಿಚ್ಚದೆ, ಗಲ್ಲದಲ್ಲಿ ಮಾತ್ರ ನಕ್ಕರು.

ನಿಝಾರ್ ಒಂದು ಉಸಿರು ಕಾದ. ಆಮೇಲೆ ಬಲಗೈ ಬಿಚ್ಚಿದ.

ನಕಲಿ ಉಂಗುರ ಹಲಗೆಯ ಮೇಲೆ ಟಣ್ಣೆಂದು ಬಿತ್ತು, ಉರುಳಿತು, ಹಾಜಿಯವರ ಬೂಟಿಗೆ ತಾಗಿ ಮಲಗಿತು. ಅವನು ನಿಜದ ಉಂಗುರವನ್ನು ಖಾಲಿ ಬಲಗೈಗೆ ದಾಟಿಸಿ, ಬಾಗಿ, ಮುಂದೆ ಹಿಡಿದ.

“ಎರಡು! ಎರಡು ಉಂಟು!” ಎಂದು ಮಕ್ಕಳು ಕಿರುಚಿದರು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಫಿದಾ ಮೆಹೆಂದಿಯ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಹಾಜಿ ಉಂಗುರ ತೆಗೆದುಕೊಂಡು ಬೆರಳಿಗೆ ಹಾಕಿಕೊಂಡರು. ಬೂಟಿನ ಹತ್ತಿರದ್ದನ್ನು ತೋರಿಸಿ, “ಅದು ಎಂತ?” ಎಂದರು.

“ನಕಲಿ, ಹಾಜಿಯವರೇ.”

“ಹೋದ ವರ್ಷವೂ ಅದು ಬಲಗೈಯಲ್ಲಿ ಇತ್ತಾ?”

“ಇತ್ತು.”

“ಅದಕ್ಕೆ ನನಗೆ ಎಡಗೈ ತೋರಿಸಿದ್ದಾ?”

“ಅದಕ್ಕೇ.”

“ಕತ್ತೆ” ಎಂದರು ಹಾಜಿ. “ಸುಳ್ಳನ್ನು ಎಡಗೈಯಲ್ಲಿ ಹಿಡಿದರೆ ಮುಗಿಯಿತಲ್ಲ. ಅಷ್ಟು ಸಣ್ಣ ವಿಷಯ ನಿನಗೆ ಹೊಳೆಯಲಿಲ್ಲವಾ?”

ಲೋಕನಾಥ ಮಾಷ್ಟ್ರು ಎದ್ದು ನಿಂತಿದ್ದರು. ನಗು ಮುಖದಿಂದ ಪೂರ್ತಿ ಇಳಿದಿತ್ತು. “ಸಭೆಯ ಎದುರು ರಹಸ್ಯ ಬಿಚ್ಚಿದವನು ಜಾದೂಗಾರನಲ್ಲ!” ಎಂದರು. “ಇದು ನನಗೂ ಮಾಡಿದ ಅವಮಾನ. ನಾಳೆ ನಾನು ಇದೇ ಐಟಂ ಮಾಡಿದರೆ ಈ ಮಕ್ಕಳು ಎಡಗೈ ಬಿಚ್ಚಿ ಅಂತ ಕೂಗುತ್ತವೆ.”

ಸಭೆ ನಿಝಾರನ ಕಡೆಗೆ ತಿರುಗಿತು. ಅವನು ಈಗ ಮಾಷ್ಟ್ರ ದನಿ ತೆಗೆಯುತ್ತಾನೆ ಎಂದು ಅರ್ಧ ಹಾಲು ಮೊದಲೇ ನಗಲು ಸಿದ್ಧವಾಗಿತ್ತು. ನಾಲಗೆಯ ತುದಿಗೆ ಅದು ಬಂದೂ ಇತ್ತು. ನಿಝಾರ್ ಮೈಕನ್ನು ಬಾಯಿಯಿಂದ ದೂರ ಹಿಡಿದು ತನ್ನದೇ ದನಿಯಲ್ಲಿ ಹೇಳಿದ:

“ಮಾಡಿ ಮಾಷ್ಟ್ರೇ. ಕೂಗಲಿ. ನನಗೆ ಒಂದು ವರ್ಷ ಕೂಗಿದ್ದಾರೆ.”

“ಜಗಳ ಹೊರಗೆ” ಎಂದರು ಹಾಜಿ. ಉಂಗುರವನ್ನು ಮತ್ತೆ ಕಳಚಿದರು. “ಹಿಡಿ. ಇನ್ನೊಮ್ಮೆ ಮಾಡು. ಸರಿಯಾಗಿ ಮಾಡು. ಎಲ್ಲಿ ಬಚ್ಚಿಡ್ತಿ ಅಂತ ಈಗ ನನಗೆ ಗೊತ್ತುಂಟು, ಆದರೂ ನನ್ನ ಕಣ್ಣು ತಪ್ಪಿಸು. ತಪ್ಪಿಸದಿದ್ದರೆ ಊಟ ಮಾಡದೆ ಹೋಗು.”

ರಹಸ್ಯ ತಿಳಿದ ನಾನೂರು ಜನರ ಎದುರು, ನಾಲ್ಕು ದಿನದ ಎಡಗೈಯಲ್ಲಿ. ನಿಝಾರ್ ನಕಲಿಯನ್ನು ಹೆಕ್ಕಿಕೊಂಡು ಗಂಟು ಕಟ್ಟಿದ, ಕೊಡವಿದ. ನಕಲಿ ಎಡಗೈಯಿಂದ ಜಾರಿ ಟಣ್ಣೆಂದಿತು. ಮಕ್ಕಳು ಕೇಕೆ ಹಾಕಿದರು. ಹೆಕ್ಕಿದ. ಎರಡನೆಯ ಸಲ ಕಟ್ಟಿದ, ಕೊಡವಿದ, ಮತ್ತೆ ಟಣ್. ಹಾಜಿ ಮುಂಗೈ ಗಡಿಯಾರ ನೋಡಿಕೊಂಡರು.

“ಹೆಬ್ಬೆರಳು ಒಳಗೆ!”

ಕೆಳಗಿನಿಂದ ಸಿಡಿದ ದನಿ. ಮಾಷ್ಟ್ರು ಆಗಲೇ ಬಾಗಿಲಿನ ಕಡೆಗೆ ಅರ್ಧ ದೂರ ಹೋಗಿದ್ದವರು, ತಿರುಗಿ ನಿಂತು ಸಿಟ್ಟಿನಿಂದ ಕೆಂಪಾಗಿದ್ದರು. “ಎಡಗೈಯ ಹೆಬ್ಬೆರಳು ಒಳಗೆ ಇಟ್ಟುಕೋ! ನೋಡಲಿಕ್ಕಾಗುವುದಿಲ್ಲ!”

“ಎಂಟು ವರ್ಷದ ಮೊದಲು ಹೇಳಬಹುದಿತ್ತು ಮಾಷ್ಟ್ರೇ” ಎಂದ ನಿಝಾರ್.

ಹಾಲಿನ ತಲೆಗಳೆಲ್ಲ ಮಾಷ್ಟ್ರ ಕಡೆಗೆ ತಿರುಗಿದವು. ಅವರ ಹಳೆಯ ಶಿಷ್ಯರು, ಅವರ ಮಕ್ಕಳು, ಪರಿಚಯ ಇಲ್ಲದವರು. ಎಂಟು ವರ್ಷದ ಮೊದಲು ಎಂತ ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಮಾಷ್ಟ್ರಿಗೆ ಗೊತ್ತಿದೆ ಎಂಬುದು ಅವರ ಮುಖದಲ್ಲೇ ಎಲ್ಲರಿಗೂ ಗೊತ್ತಾಯಿತು. ಅವರು ಮುಂಡು ಎತ್ತಿ ಕಟ್ಟಿ ಬಾಗಿಲಿಗೆ ನಡೆದರು.

ನಿಝಾರ್ ಮೂರನೆಯ ಸಲ ಗಂಟು ಕಟ್ಟಿದ. ಎಡಗೈ ಮೇಲೆತ್ತಿದ. ಬಾಗಿಲಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಮಾಷ್ಟ್ರು, ತಲೆ ಎತ್ತಿದವರೇ, ಹಾಲಿನ ಉದ್ದಕ್ಕೂ ಕೇಳುವ ಹಾಗೆ ಕೂಗಿದರು:

“ಈಗಲೂ ಹೊರಗೇ ಉಂಟು, ಬೇವಾರ್ಸಿ!”

ನಿಝಾರ್ ನೋಡಿದ. ಹೊರಗೇ ಇತ್ತು. ಒಳಗೆ ಮಡಚಿದ, ಕರ್ಚೀಫು ಕೊಡವಿದ. ಟಣ್ಣೆನ್ನಲಿಲ್ಲ.